ಫೆಬ್ರವರಿ 14ರ ಸಂಜೆ ಬೇರೆಯವರ ಗುಲಾಬಿ ನೋಡುವುದು ಹೇಗೆ

ಮೊದಲು ಜಾಗ. ಎಲ್ಲರೂ ಕಬ್ಬನ್ ಪಾರ್ಕ್ ಅನ್ನುತ್ತಾರೆ. ಬೇಡ. ಮರದ ಕೆಳಗೆ ಕೂತ ಜೋಡಿಯನ್ನು ನೋಡಿದರೆ ಅದು ಇಣುಕುವುದು. ಪಕ್ಕದಲ್ಲೇ ಇರುವ ಎಂ.ಜಿ. ರೋಡ್ ಮೆಟ್ರೊ ಸ್ಟೇಷನ್‌ಗೆ ಹೋಗಿ. ಸಂಜೆ ಐದೂವರೆಯಿಂದ ಏಳೂವರೆ ಒಳ್ಳೆಯ ಹೊತ್ತು. ಆಫೀಸ್ ಬಿಟ್ಟವರು, ಚರ್ಚ್ ಸ್ಟ್ರೀಟ್‌ಗೆ ಹೊರಟ ಕಾಲೇಜಿನವರು ಎಲ್ಲರೂ ಹಾದುಹೋಗುತ್ತಾರೆ. ನಾನಂತೂ ದಿನಾ ಅಲ್ಲಿಂದ ನೇರಳೆ ಮಾರ್ಗ ಹಿಡಿದು ವಿಜಯನಗರಕ್ಕೆ ಹೋಗುವವಳು. ಅವತ್ತು ಒಂದೆರಡು ಟ್ರೇನ್ ಸುಮ್ನೆ ಬಿಡುತ್ತೇನೆ, ಅಷ್ಟೇ.

ಮೊಬೈಲ್ ಬ್ಯಾಗಿನಲ್ಲೇ ಇರಲಿ. ಮನೆಯಲ್ಲಿ ಹೇಳದೆ ಬಂದವರೇ ಜಾಸ್ತಿ. ನಿಮ್ಮ ಒಂದು ಸ್ಟೇಟಸ್‌ನಿಂದ ಯಾರ ಮನೆಯಲ್ಲಿ ರಾದ್ಧಾಂತ ಆಗುತ್ತದೋ ಯಾರಿಗೆ ಗೊತ್ತು!

ನಿಂತುಕೊಳ್ಳಬೇಕಾದ್ದು ತಪಾಸಣೆ ದಾಟಿದ ಮೇಲೆ, ಗೋಡೆ ಪಕ್ಕ. ಬ್ಯಾಗ್ ಸ್ಕ್ಯಾನರ್ ಬೆಲ್ಟಿನ ಮೇಲೆ ಹೋಗುತ್ತದೆ. ಬೊಕೆ ಹಾಕಲು ಮನಸ್ಸಿಲ್ಲ, ಎಲ್ಲಿ ನಜ್ಜುಗುಜ್ಜಾಗುತ್ತದೋ ಅಂತ. ಹಾಗಾಗಿ ಹುಡುಗ ಎರಡೂ ಕೈ ಅಗಲಿಸಿ ನಿಲ್ಲುತ್ತಾನೆ, ಒಂದು ಕೈಯಲ್ಲಿ ಬೊಕೆ. ಸೆಕ್ಯುರಿಟಿಯವರು ಡಿಟೆಕ್ಟರ್ ಆಡಿಸುವಷ್ಟು ಹೊತ್ತೂ ಅವನ ಕಣ್ಣು ಹೂವಿನ ಮೇಲೆ. ಹಿಂದೆ ಕ್ಯೂನಲ್ಲಿರುವವರೆಲ್ಲ ನಗುತ್ತಿರುತ್ತಾರೆ. ಇದನ್ನು ತಪ್ಪಿಸಿಕೊಳ್ಳಬೇಡಿ.

ಉಡುಗೊರೆ ಎಷ್ಟು ದುಬಾರಿ ಅಂತ ಲೆಕ್ಕ ಹಾಕಬೇಡಿ, ಹಿಡಿದಿರುವ ರೀತಿ ನೋಡಿ. ಹಾಲಿನ ಪ್ಯಾಕೆಟ್ ಹಾಗೆ ತಲೆಕೆಳಗಾಗಿ ನೇತಾಡಿಸಿಕೊಂಡು ಬರುವವರಿದ್ದಾರೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬಚ್ಚಿಟ್ಟರೂ ಜಿಪ್‌ನಿಂದ ಕಾಂಡ ಹೊರಗೆ ಬಂದಿರುತ್ತದೆ. ಬೈಕ್ ನಿಲ್ಲಿಸಿ ಬಂದವರು ಹೆಲ್ಮೆಟ್ ಮಗುಚಿ ಅದರೊಳಗೆ ಹೂ ಕೂರಿಸಿರುತ್ತಾರೆ. ನನ್ನ ಪ್ರಕಾರ ಅದೇ ಬೆಸ್ಟ್.

ಇನ್ನು ಹೂವು. ಉದ್ದ ಕಾಂಡದ ಕಡುಕೆಂಪು ಗುಲಾಬಿಯಾದರೆ ಹೆಚ್ಚಾಗಿ ತಾಜ್‌ಮಹಲ್ ತಳಿ. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಪಾಲಿಹೌಸ್‌ಗಳಲ್ಲಿ ಬೆಳೆಯುತ್ತಾರೆ. ಈ ದಿನಕ್ಕೆ ಹೂ ಸಿಗಲಿ ಅಂತ ಡಿಸೆಂಬರ್‌ನಲ್ಲೇ ಗಿಡ ಸವರಿರುತ್ತಾರೆ. ಜನವರಿ ಕೊನೆಯಿಂದ ವಿದೇಶಕ್ಕೂ ಹೋಗುವುದರಿಂದ ಇಲ್ಲಿ ರೇಟ್ ಏರುತ್ತದೆ. ಮೊಗ್ಗು ಅರಳದಿರಲಿ ಅಂತ ಅಂಗಡಿಯವರು ಸಣ್ಣ ಬಲೆ ತೊಡಿಸಿರುತ್ತಾರೆ, ಗಮನಿಸಿ. ಕೆಲವರು ಅದರ ಸಮೇತ ಕೊಟ್ಟುಬಿಡುತ್ತಾರೆ. ಕೆಲವರು ಪ್ಲಾಟ್‌ಫಾರ್ಮಿನಲ್ಲಿ ನಿಂತು, ದಳ ಉದುರೀತು ಅಂತ ಉಸಿರು ಬಿಗಿಹಿಡಿದು, ಬಲೆಯನ್ನು ಒಂದೊಂದೇ ಕಡೆಯಿಂದ ಮೇಲಕ್ಕೆ ಜಾರಿಸುತ್ತಾರೆ. ಹೊರಗಿನ ಒಂದು ದಳ ಕೈಗೆ ಬಂದರೆ ಅತ್ತಿತ್ತ ನೋಡಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ವ್ಯಾಲೆಂಟೈನ್ ವಾರದಲ್ಲಿ ಟೆಡ್ಡಿ ಗೊಂಬೆ ಕೊಡುವ ಟೆಡ್ಡಿ ಡೇ 10ಕ್ಕೇ ಮುಗಿದಿರುತ್ತದೆ, ಅಲ್ವಾ? 14ಕ್ಕೆ ಟೆಡ್ಡಿ ಹೊತ್ತುಕೊಂಡು ಬಂದವನು ವಾರವಿಡೀ ಬೈಸಿಕೊಂಡಿರಬೇಕು ಅಂತ ನನ್ನ ಊಹೆ. ಚಾಕೊಲೇಟ್ ಡಬ್ಬಿಗಳಲ್ಲಿ ನೋಡುವಂಥದ್ದೇನೂ ಇಲ್ಲ.

ಕಾಯುತ್ತಿದ್ದವರು ಎದುರಿಗೆ ಬಂದ ಕೂಡಲೇ ತಿರುಗಿಕೊಳ್ಳಿ. ಸಾಗಿಸುವಾಗ ನೋಡಬಹುದು, ಕೊಡುವಾಗ ನೋಡಬಾರದು. ಯಾರಾದರೂ ಒಬ್ಬರೇ ಹೂ ಹಿಡಿದು ತುಂಬಾ ಹೊತ್ತು ನಿಂತಿದ್ದರೆ ಅವರ ಕಡೆಗೂ ನೋಡಬೇಡಿ. ನಿಮ್ಮ ಕಣ್ಣಿನ ಭಾರ ಬೇರೆ ಯಾಕೆ?

ಇಷ್ಟೆಲ್ಲ ನೋಡಿ ನಿಮಗೂ ಗುಲಾಬಿ ಬೇಕೆನಿಸಿದರೆ ಅವತ್ತೇ ಕೊಳ್ಳಬೇಡಿ. ಹತ್ತಿರದಲ್ಲಿ ಯಾವ ಹಬ್ಬವೂ ಇಲ್ಲದಿದ್ದರೆ ರೇಟ್ ಸಾಮಾನ್ಯವಾಗಿ ಮರುದಿನವೇ ಇಳಿಯುತ್ತದೆ. ಬೆಳಿಗ್ಗೆ ಬೇಗ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಚೌಕಾಸಿ ಮಾಡಿ ತನ್ನಿ.