ಚಕ್ರವನ್ನು ನಾನೇ ತಿರುಗಿಸಿದೆ, ಲೆಕ್ಕ ನೀರು ಕೊಟ್ಟಿತು

"ಚಕ್ರವನ್ನು ನೀವೇ ತಿರುಗಿಸಿದರೆ ನೀರು ತಿರುಗಿಸಿದ ಹಾಗೆ ಹೆಂಗಾತ್ರೀ ಸರ?" ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ನೀರಿನ ಚಕ್ರದ ಬಗ್ಗೆ ಧಾರವಾಡದ ಗೆಳೆಯನ ಪ್ರಶ್ನೆ ಇದು. ಅವನೂ ಪುಣೆಯಲ್ಲೇ ಇದೇ ಕೆಲಸ ಮಾಡುವವನು. ಆಫೀಸಿನಲ್ಲೂ ಎಲ್ಲರದ್ದೂ ಅದೇ ಮಾತು. ಈಗ ಯಾರೂ ಕೇಳುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿ ಹತ್ತಿರ ನಮ್ಮ ಸೋದರಮಾವನ ತೋಟ ಇದೆ. ಗುಡ್ಡದಿಂದ ಅಬ್ಬಿ ನೀರು ಬರುತ್ತದೆ. ಮಳೆಗಾಲದ ನಂತರವೂ ಐದಾರು ತಿಂಗಳು ಸೆಕೆಂಡಿಗೆ 20 ಲೀಟರ್‌ ಸಿಗುತ್ತದೆ, ಎತ್ತರ ಎರಡು ಮೀಟರ್ ಚಿಲ್ಲರೆ. ಮೊದಲು ಅಡಿಕೆ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಮರದ ಕಾಲುವೆ) ಬರುತ್ತಿತ್ತು, ಈಗ ಪೈಪು. ಮೇಲಿಂದ ನೀರು ಬೀಳುವ ಚಕ್ರ ಇಟ್ಟರೆ ಎಷ್ಟು ವ್ಯಾಟ್ ಬರುತ್ತದೆ ಅನ್ನೋದು ಮಾವನ ಪ್ರಶ್ನೆ. ಪೆಲ್ಟನ್ (ನೀರಿನ ಜೋರು ಧಾರೆ ಬಡಿದು ತಿರುಗುವ ಟರ್ಬೈನ್) ಹಾಕು ಅಂದವರೂ ಇದ್ದಾರೆ. ಪುಣೆ-ಮುಂಬೈ ದಾರಿಯ ನಮ್ಮ ಖೋಪೋಲಿ ವಿದ್ಯುತ್ ಕೇಂದ್ರದಲ್ಲಿ 1915ರಿಂದ ಪೆಲ್ಟನ್ ನಡೆಯುತ್ತಿದೆ ನಿಜ, ಆದರೆ ಅಲ್ಲಿ ನೀರು ಬೀಳುವುದು ಘಾಟ್ ಮೇಲಿಂದ, 500 ಮೀಟರಿಗೂ ಜಾಸ್ತಿ. ಎರಡು ಮೀಟರಿಗೆ ಅದು ಯಾಕೆ?

ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ ಓಪನ್‌ಫೋಮ್, ಅದರಲ್ಲಿ ನೀರು ಗಾಳಿ ಎರಡನ್ನೂ ಲೆಕ್ಕಿಸುವ ಇಂಟರ್‌ಫೋಮ್, ತಿರುಗುವ ಭಾಗವನ್ನು ನಿಂತ ಭಾಗಕ್ಕೆ ಜೋಡಿಸಲು ಎಎಂಐ. ಈ ಕೆಲಸದವರಿಗೆಲ್ಲ ಗೊತ್ತಿರುವುದೇ. ನಾನೂ ಎಲ್ಲರ ಹಾಗೆ ಮೊದಲು ಚಕ್ರವನ್ನು ಸ್ವತಂತ್ರವಾಗಿ ಬಿಟ್ಟೆ. ನೀರು ಬಿದ್ದು ತಾನಾಗಿ ತಿರುಗಲಿ ಅಂತ, ಬಲ ಬಿದ್ದ ಹಾಗೆ ವಸ್ತುವನ್ನು ಚಲಿಸಲು ಬಿಡುವ ಸಿಕ್ಸ್‌ಡಾಫ್ ಹಾಕಿದೆ. ಮೊದಲ ರನ್‌ನಲ್ಲಿ ಚಕ್ರ ಅಲ್ಲಾಡಲೇ ಇಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ನೋಡಿದರೆ ಚಕ್ರದ ಆಕಾರ ಇರುವ ಎಸ್‌ಟಿಎಲ್ ಫೈಲು ಮಿಲಿಮೀಟರಿನಲ್ಲಿತ್ತು. ಪ್ರಯೋಗಕ್ಕೆ ಅಂತ ಇಟ್ಟ 40 ಸೆಂಟಿಮೀಟರಿನ ಚಿಕ್ಕ ಚಕ್ರ 400 ಮೀಟರ್ ಆಗಿ ಕೂತಿತ್ತು. ನಗಬೇಡಿ, ನಿಮಗೂ ಆಗಿರುತ್ತದೆ. ಅದನ್ನು ಸರಿಮಾಡಿದರೆ ಚಕ್ರ ಸೀಲಿಂಗ್ ಫ್ಯಾನ್ ಹಾಗೆ ಓಡಿತು. ಲೋಡ್ ಇಲ್ಲದಿದ್ದರೆ ಇನ್ನೇನಾಗುತ್ತದೆ? ಲೋಡ್ ಕೊಟ್ಟರೆ ಒಮ್ಮೆ ನಿಂತಿತು, ಒಮ್ಮೆ ಹಿಂದಕ್ಕೆ ತೂಗಿತು. ಸ್ಥಿರವಾಗಲು ಹತ್ತು ಹದಿನೈದು ಸುತ್ತು ಬೇಕು. ಒಂದು ಸೆಕೆಂಡಿನ ಹರಿವನ್ನು ಲೆಕ್ಕಿಸಲು ನನ್ನ ಮಷೀನಿನಲ್ಲಿ ಎಂಟು ಗಂಟೆ. ಲೆಕ್ಕ ಹಾಕಿ.

ಬೇಗ ಮುಗಿಸೋಣ ಅಂತ ಬಾಡಿಗೆ ಸರ್ವರ್ ತೆಗೆದುಕೊಂಡೆ. ಗಣಪತಿ ಹಬ್ಬಕ್ಕೆ ಊರಿಗೆ ಹೋದವನು ಅದನ್ನು ಆಫ್ ಮಾಡಲು ಮರೆತೆ. ರನ್ ಎರಡನೇ ದಿನವೇ ಸತ್ತಿತ್ತು, ಮೀಟರ್ ಮಾತ್ರ ಓಡುತ್ತಿತ್ತು. ಹನ್ನೊಂದು ಸಾವಿರ ಚಿಲ್ಲರೆ ಬಿಲ್. ಹೆಂಡತಿಗೆ ಏಳು ಅಂತ ಹೇಳಿದ್ದೇನೆ. ಆಮೇಲೆ ಯಾವುದೋ ಆಫೀಸ್ ಖಾಲಿ ಮಾಡುವಾಗ 16 ಕೋರ್‌ನ ಹಳೇ ವರ್ಕ್‌ಸ್ಟೇಷನ್ ನಲವತ್ತು ಸಾವಿರದೊಳಗೆ ಸಿಕ್ಕಿತು. ಕರೆಂಟ್ ಬಿಲ್ ತಿಂಗಳಿಗೆ ಸಾವಿರದಷ್ಟು ಏರಿತು, ಅದು ಬೇರೆ.

ದಾರಿ ಹೊಳೆದದ್ದು ಕೆಲಸದ ಜಾಗದಲ್ಲೇ. ಪುಣೆ ಹತ್ತಿರದ ಚಾಕಣ್‌ನಲ್ಲಿ ದಿನಾ ಎಂಜಿನ್ ಟೆಸ್ಟ್ ನೋಡುತ್ತೇನೆ. ಡೈನಮೋಮೀಟರಿನಲ್ಲಿ ನಾವು ಆರ್‌ಪಿಎಂ ಹಿಡಿದಿಟ್ಟು ಟಾರ್ಕ್ (ತಿರುಗಿಸುವ ಬಲ) ಓದುತ್ತೇವೆ ಅಲ್ವಾ? ಎಂಜಿನ್ "ತಾನಾಗಿ" ಎಷ್ಟು ಓಡುತ್ತದೆ ಅಂತ ಯಾರಾದರೂ ಕಾಯುತ್ತಾರಾ? ನೀರಿನ ಚಕ್ರಕ್ಕೂ ಅದನ್ನೇ ಮಾಡಿದೆ. 15, 20, 25, 30, 40 ಆರ್‌ಪಿಎಂ, ಐದು ರನ್. ಚಕ್ರ ನಾನು ಹೇಳಿದ ವೇಗದಲ್ಲಿ ತಿರುಗುತ್ತದೆ, ನೀರು ಅದರ ಮೇಲೆ ಎಷ್ಟು ಒತ್ತುತ್ತದೆ ಅಂತ ಓದುತ್ತೇನೆ. ಮೂರು ಸುತ್ತು ಸಾಕು, ಮೊದಲನೆಯದನ್ನು ಬಿಸಾಕಿ ಉಳಿದೆರಡರ ಸರಾಸರಿ.

ಆದರೆ ನೀರೇ ಕಳೆದುಹೋಗುತ್ತಿತ್ತು. ಒಳಗೆ ಸೆಕೆಂಡಿಗೆ ಒಂದು ಲೀಟರ್, ಹೊರಗೆ 0.86. ಚಕ್ರಕ್ಕೂ ಅದರ ಮೇಲೆ ನೀರು ಸುರಿಯುವ ದೋಣಿಯ ತುದಿಗೂ ನಡುವೆ 12 ಮಿಲಿಮೀಟರ್ ಸಂದು, ಅದರಲ್ಲೇ ಎಎಂಐ ತುರುಕಿದ್ದೆ. ಲೆಕ್ಕಕ್ಕೆ ಜಾಗವನ್ನು ತುಂಡು ಮಾಡುವ ಜಾಲದಲ್ಲಿ (ಮೆಶ್) ಎರಡೇ ಸೆಲ್ ಒಂದು ಕಡೆ, ದಪ್ಪ ಸೆಲ್ ಇನ್ನೊಂದು ಕಡೆ. ದೋಣಿಯನ್ನು 20 ಮಿಲಿಮೀಟರಿಗೆ ಎತ್ತಿದೆ, ಎರಡೂ ಕಡೆ ಸೆಲ್ ಒಂದೇ ಅಳತೆ ಮಾಡಿದೆ. ನಷ್ಟ ಮೂರು ಪರ್ಸೆಂಟಿಗೆ ಇಳಿಯಿತು. ಅಲ್ಲಿಂದ ಒಂದಕ್ಕಿಂತ ಕೆಳಗೆ ತಂದದ್ದು ಬೇರೆ ಒಂದು ಸೆಟ್ಟಿಂಗ್. ಅದನ್ನು ಹೇಳುವುದಿಲ್ಲ, ಆರು ವಾರ ಹೋಗಿದೆ ಅದಕ್ಕೆ. ಲೆಕ್ಕದಲ್ಲಿ ಗಾಳಿಯ ವೇಗ ಸುಮ್ನೆ ಸೆಕೆಂಡಿಗೆ 80 ಮೀಟರಿಗೆ ಹಾರಿ, ಒಂದೊಂದು ಹೆಜ್ಜೆಯ ಸಮಯ (ಟೈಮ್‌ಸ್ಟೆಪ್) ತೀರಾ ಚಿಕ್ಕದಾಗಿ ರನ್ ತೆವಳುವ ಕಾಟಕ್ಕೂ ಹಾಗೇ ಒಂದು ಮದ್ದು ಇದೆ.

ಎಲ್ಲಕ್ಕಿಂತ ಮಜಾ ಬಂದದ್ದು ಗಾಳಿಯ ವಿಷಯ. ಸಮಯ ಉಳಿಸಲು ಮೊದಲು 2ಡಿಯಲ್ಲಿ ಮಾಡಿದ್ದೆ. ಬಕೆಟ್‌ಗಳು ತುಂಬುತ್ತಲೇ ಇಲ್ಲ! ನೀರು ಬಾಯಿಗೆ ಬಂದು ಹಾಗೇ ಉಗುಳಿ ಹೊರಬೀಳುತ್ತಿತ್ತು. ಒಳಗಿನ ಗಾಳಿಗೆ ಹೊರಬರಲು ದಾರಿಯೇ ಇಲ್ಲ, ನೀರಿನ ಹಾಳೆ ಬಾಯಿ ಮುಚ್ಚಿಬಿಡುತ್ತದೆ. 3ಡಿ ಮಾಡಿದರೂ ಅದೇ ಕಥೆ, ಏಕೆಂದರೆ ದೋಣಿಯ ಅಗಲ ಚಕ್ರದಷ್ಟೇ 10 ಸೆಂಟಿಮೀಟರ್ ಇತ್ತು. ಅದನ್ನು 7ಕ್ಕೆ ಇಳಿಸಿದೆ. ಎರಡೂ ಬದಿಯಿಂದ ಗಾಳಿ ನುಸುಳಿ ಹೋಯಿತು, ಟಾರ್ಕ್ ಐದರಲ್ಲಿ ಒಂದು ಪಾಲು ಏರಿತು. ಹಳೇ ಕಾಲದ ಚಕ್ರಗಳಲ್ಲೂ ನೀರಿನ ಧಾರೆ ಚಕ್ರಕ್ಕಿಂತ ಕಿರಿದಾಗಿಯೇ ಇರುತ್ತಿತ್ತು. ಆ ಬಡಗಿಗಳಿಗೆ ಮೆಶ್ ಬೇಕಾಗಿರಲಿಲ್ಲ.

ನಡುವೆ, ನೀರನ್ನು ಕಣಕಣವಾಗಿ ಲೆಕ್ಕಿಸುವ DualSPHysics ಅನ್ನುವ ತಂತ್ರಾಂಶದಲ್ಲೂ ಒಂದು ವಾರ ಆಡಿದೆ. ಮಗನ ಗೇಮಿಂಗ್ ಕಾರ್ಡ್ ಮೇಲೆ ಹಾರಿದಂತೆ ಓಡಿತು. ಹನಿ ಸಿಡಿಯುವುದು ನೋಡಲು ಎಷ್ಟು ಚಂದ! ಟಾರ್ಕ್ ಗೆರೆ ಮಾತ್ರ ಇಸಿಜಿ ಹಾಗೆ. ವಿಡಿಯೋ ಮಗನಿಗೆ ಕೊಟ್ಟು ಕೈಬಿಟ್ಟೆ.

ಗೆಳೆಯ ಬಾಯಿ ಮುಚ್ಚಬೇಕಾದರೆ ನಿಜವಾದ ಚಕ್ರ ಬೇಕಿತ್ತು. ಅಲ್ಯೂಮಿನಿಯಂ ತಗಡಿನಲ್ಲಿ 40 ಸೆಂಟಿಮೀಟರಿನದು, 12 ಬಕೆಟ್. ಬೇರಿಂಗ್, ಕತ್ತರಿಸುವ ಕೂಲಿ, ಎಲ್ಲ ಸೇರಿ ಮೂರು ಸಾವಿರ ಇರಬೇಕು. ಟೆರೇಸ್ ಮೇಲೆ ನೀರಿನ ಡ್ರಮ್ಮು, ಅರ್ಧ ಎಚ್‌ಪಿ ಪಂಪು. ಸೊಸೈಟಿ ಸೆಕ್ರೆಟರಿ ಓಡಿ ಬಂದು "ಪಾಣಿ ವಾಯಾ ಜಾತಂಯ್" (ನೀರು ಹಾಳಾಗ್ತಿದೆ) ಅಂದರು. ಅದೇ ನೀರು ಸುತ್ತುತ್ತಿದೆ ಅಂತ ತೋರಿಸಿದ ಮೇಲೆ ಅವರೇ ಸ್ಟಾಪ್‌ವಾಚ್ ಹಿಡಿದರು. ಅಕ್ಷದ ಡ್ರಮ್ಮಿಗೆ ಹಗ್ಗ ಸುತ್ತಿ, ಸೂಟ್‌ಕೇಸ್ ತೂಗುವ ತಕ್ಕಡಿ ಕಟ್ಟಿ ಬಿಗಿಮಾಡುತ್ತಾ ಹೋದೆ. 30 ಆರ್‌ಪಿಎಂನಲ್ಲಿ ಹಗ್ಗ ಹೇಳಿದ್ದು ಸುಮಾರು 0.86 ನ್ಯೂಟನ್ ಮೀಟರ್. ಕಂಪ್ಯೂಟರ್ ಹೇಳಿದ್ದು 0.93. ಎಂಟು ಪರ್ಸೆಂಟ್ ಜಾಸ್ತಿ. ನನ್ನ ಬೇರಿಂಗ್ ಅಷ್ಟೇನೂ ಒಳ್ಳೆಯದಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗೆಳೆಯ ತಕ್ಕಡಿಯನ್ನು ಎರಡು ಸಲ ಬಿಚ್ಚಿ ಕಟ್ಟಿ ನೋಡಿದ. ಆಮೇಲೆ "ಚಾ ಕುಡಿಯೂಣ ನಡೀರಿ" ಅಂದ.

ಮಾವನ ಚಕ್ರ 1.8 ಮೀಟರಿನದು. ಅದರಲ್ಲಿ 12 ಆರ್‌ಪಿಎಂಗೆ ಅಕ್ಷದಲ್ಲಿ 280 ವ್ಯಾಟ್ ತೋರಿಸುತ್ತಿದೆ. ಗೇರು, ಜನರೇಟರ್ ತಿಂದು 170 ಉಳಿದರೆ ಸಾಕು. "ಟಿವಿ ನಡೀತದಾ?" ಅಂತ ಮಾವ. ಟಿವಿ ನಡೆಯುತ್ತದೆ, ಮಿಕ್ಸರ್ ಬೇಡ ಅಂದೆ.

ಬಕೆಟ್ ಬಾಯಿಯ ಕೋನ ಬದಲಿಸಿದ ಕೇಸ್ ಈಗ ಓಡುತ್ತಿದೆ, ಇನ್ನೂ ಒಂದೂವರೆ ದಿನ ಬೇಕು. ನಾಳೆ ಗುರುವಾರ, ದುರಸ್ತಿಗೆ ಅಂತ ನಮ್ಮ ಕಡೆ ಕರೆಂಟ್ ತೆಗೆಯುತ್ತಾರೆ. ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ.