ವಿದೇಶ ಪ್ರವಾಸದಲ್ಲಿ ಡ್ರೈವರ್‌ಗೆ ಟಿಪ್ಸ್: ಎಲ್ಲಿ, ಎಷ್ಟು, ಹೇಗೆ?

ನಮ್ಮಲ್ಲಿ ಕಾರು ಬಾಡಿಗೆಗೆ ಹಿಡಿದು ಹಂಪಿಗೋ ಧರ್ಮಸ್ಥಳಕ್ಕೋ ಹೊರಟರೆ ಲೆಕ್ಕ ಎಲ್ಲರಿಗೂ ಗೊತ್ತು. ಕಿಲೋಮೀಟರಿಗೆ ಇಷ್ಟು, ಡ್ರೈವರ್ ಬಾಟಾ ಇಷ್ಟು, ಟೋಲ್ ಮತ್ತು ಪಾರ್ಕಿಂಗ್ ಬೇರೆ. ಕೊನೆಯಲ್ಲಿ ಕೈಗಿಡುವ ನೂರಿನ್ನೂರು ನಮ್ಮ ಖುಷಿ. ಹೊರದೇಶಕ್ಕೆ ಕಾಲಿಟ್ಟ ಕೂಡಲೇ ಈ ಲೆಕ್ಕ ನಡೆಯುವುದಿಲ್ಲ. ನ್ಯೂಯಾರ್ಕಿನಲ್ಲಿ ಟಿಪ್ಸ್ ಕೊಡದೆ ಇಳಿದರೆ ಡ್ರೈವರ್ ದುಡಿಮೆಯ ಒಂದು ಪಾಲನ್ನೇ ಉಳಿಸಿಕೊಂಡು ಹೋದಂತೆ. ಟೋಕಿಯೊದಲ್ಲಿ ಕೊಡಲು ಹೋದರೆ ಅವರು ಚಿಲ್ಲರೆಯನ್ನು ಎಣಿಸಿ ವಾಪಸ್ ಕೊಡುತ್ತಾರೆ. ಎರಡೂ ಕಡೆ ಮುಜುಗರ ತಪ್ಪಬೇಕಾದರೆ ಕಾರು ಹತ್ತುವ ಮೊದಲೇ ಮೊತ್ತ ತೀರ್ಮಾನವಾಗಿರಬೇಕು, ನೋಟು ಪ್ರತ್ಯೇಕವಾಗಿ ಕೈಗೆ ಸಿಗುವಂತಿರಬೇಕು. ಸೂಟ್‌ಕೇಸ್ ಇಳಿಸುತ್ತ, ಮಕ್ಕಳನ್ನು ಕರೆಯುತ್ತ ಮಾಡುವ ಲೆಕ್ಕ ಹತ್ತರಲ್ಲಿ ಎಂಟು ಸಲ ತಪ್ಪುತ್ತದೆ.

ಹಂತ 1: ಮೊದಲು ವೋಚರ್ ಓದಿ

ಪ್ಯಾಕೇಜ್ ಟೂರ್ ಆದರೆ ‘ಒಳಗೊಂಡಿದೆ, ಒಳಗೊಂಡಿಲ್ಲ’ ಎಂಬ ಪಟ್ಟಿ ನೋಡಿ. ನಮ್ಮ ದೇಶದ ಹಲವು ಟೂರ್ ಕಂಪನಿಗಳು ಯುರೋಪ್, ಅಮೆರಿಕದ ಗುಂಪು ಪ್ರವಾಸಗಳಿಗೆ ಟಿಪ್ಸ್ ಹಣವನ್ನು ಮುಂಗಡವಾಗಿಯೇ ವಸೂಲಿ ಮಾಡುತ್ತವೆ. ಆಗ ಕೇಳಬೇಕಾದ ಪ್ರಶ್ನೆ ಎರಡು. ಆ ಹಣ ಬಸ್ ಡ್ರೈವರ್‌ಗೆ ಮಾತ್ರವೋ, ಸ್ಥಳೀಯ ಗೈಡ್ ಮತ್ತು ಟೂರ್ ಮ್ಯಾನೇಜರ್‌ಗೂ ಸೇರಿಯೋ? ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬಿಡುವ ಡ್ರೈವರ್ ಇದರಲ್ಲಿ ಬರುತ್ತಾರೋ ಇಲ್ಲವೋ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಕೊಟ್ಟಿರುವುದು ಗೊತ್ತಿಲ್ಲದೆ ಮತ್ತೊಮ್ಮೆ ಕೊಡುವವರೂ ಇದ್ದಾರೆ, ಸೇರಿದೆ ಎಂದುಕೊಂಡು ಬರಿಗೈಯಲ್ಲಿ ಇಳಿಯುವವರೂ ಇದ್ದಾರೆ.

ಇಲ್ಲೇ ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಟೋಲ್, ವಿಮಾನ ನಿಲ್ದಾಣದ ಸರ್‌ಚಾರ್ಜ್, ಲಗೇಜ್ ಶುಲ್ಕ, ಓವರ್‌ಟೈಮ್ ಇವು ಯಾವುದೂ ಟಿಪ್ಸ್ ಅಲ್ಲ. ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣದಿಂದ ಮೀಟರ್ ಟ್ಯಾಕ್ಸಿ ಹಿಡಿದರೆ ಮೀಟರಿನ ಮೇಲೆ 50 ಬಾತ್ ಸರ್‌ಚಾರ್ಜ್ ಕೊಡಬೇಕು, ಎಕ್ಸ್‌ಪ್ರೆಸ್‌ವೇ ಟೋಲನ್ನೂ ಪ್ರಯಾಣಿಕರೇ ಕಟ್ಟಬೇಕು. ಅದನ್ನು ‘ಜಾಸ್ತಿ ಕೇಳಿದರು’ ಎಂದು ತಪ್ಪು ತಿಳಿದು ಜಗಳಕ್ಕೆ ಇಳಿಯುವುದು ಸಾಮಾನ್ಯ. ಹಾಂಗ್‌ಕಾಂಗ್‌ನಲ್ಲಿ ಡಿಕ್ಕಿಯಲ್ಲಿಟ್ಟ ಪ್ರತಿ ಬ್ಯಾಗಿಗೂ ಸರ್ಕಾರವೇ ನಿಗದಿ ಮಾಡಿದ ಶುಲ್ಕವಿದೆ.

ಹಂತ 2: ಚಿಲ್ಲರೆ ಊರಲ್ಲೇ ಹೊಂದಿಸಿ

ಟಿಪ್ಸ್ ವಿಷಯದಲ್ಲಿ ಎಡವಟ್ಟಾಗುವುದು ಮನಸ್ಸಿಲ್ಲದೆ ಅಲ್ಲ, ಚಿಲ್ಲರೆ ಇಲ್ಲದೆ. ಫಾರೆಕ್ಸ್ ಅಂಗಡಿಯಲ್ಲಿ ಕೇಳದಿದ್ದರೆ 100ರ ಡಾಲರ್ ನೋಟುಗಳನ್ನೇ ಕೊಡುತ್ತಾರೆ. ಅಮೆರಿಕಕ್ಕೆ ಹೊರಟಿದ್ದರೆ 1 ಮತ್ತು 5 ಡಾಲರ್ ನೋಟು ಬೇಕೆಂದು ಎರಡು ದಿನ ಮೊದಲೇ ಹೇಳಿಡಿ. ಯೂರೋದಲ್ಲಿ ಅತಿ ಚಿಕ್ಕ ನೋಟು 5. ಅದಕ್ಕಿಂತ ಕಡಿಮೆಗೆ 1 ಮತ್ತು 2 ಯೂರೋ ನಾಣ್ಯಗಳೇ. ಬ್ರಿಟನ್‌ನಲ್ಲೂ ಹಾಗೆಯೇ, 5 ಪೌಂಡ್‌ಗಿಂತ ಕೆಳಗೆ ನಾಣ್ಯಗಳು. ಅಲ್ಲಿ ಇಳಿದ ಮೇಲೆ ಎಟಿಎಂನಿಂದ ಬರುವ ದೊಡ್ಡ ನೋಟನ್ನು ನಿಲ್ದಾಣದ ಅಂಗಡಿಯಲ್ಲೇ ನೀರಿನ ಬಾಟಲಿ ಕೊಂಡು ಮುರಿಸಿಕೊಳ್ಳುವುದು ಸುಲಭದ ದಾರಿ.

ಯಾವ ಹಣ ಕೊಡಬೇಕು? ಆಯಾ ದೇಶದ್ದೇ. ಒಂದು ದೇಶದಲ್ಲಿ ಉಳಿದ ನಾಣ್ಯಗಳನ್ನು ಇನ್ನೊಂದು ದೇಶದ ಡ್ರೈವರ್ ಕೈಗೆ ಸುರಿಯಬೇಡಿ. ಹಣ ವಿನಿಮಯ ಮಾಡುವವರು ಸಾಮಾನ್ಯವಾಗಿ ವಿದೇಶಿ ನಾಣ್ಯ ತೆಗೆದುಕೊಳ್ಳುವುದೇ ಇಲ್ಲ, ಹಾಗಾಗಿ ಡ್ರೈವರ್‌ಗೆ ಅದು ಕೆಲಸಕ್ಕೆ ಬಾರದ ಲೋಹ. ಬಾಲಿಯಲ್ಲಿ 1, 5 ಡಾಲರ್‌ನಂಥ ಸಣ್ಣ ನೋಟಿಗೂ ಮಡಚಿ ಸುಕ್ಕಾದ ನೋಟಿಗೂ ವಿನಿಮಯ ದರ ಕಡಿಮೆ, ಹಾಗಾಗಿ ರುಪಿಯಾ ಕೊಡುವುದೇ ಮೇಲು. ಕೆನ್ಯಾ ಸಫಾರಿಯಲ್ಲಿ ಡಾಲರ್ ನಡೆಯುತ್ತದೆ; ಆದರೆ 2006ಕ್ಕಿಂತ ಹಿಂದೆ ಅಚ್ಚಾದ, ಹರಿದ, ಗೀಚಿದ ನೋಟುಗಳನ್ನು ಅಲ್ಲಿ ಬಹುತೇಕ ಕಡೆ ಮುಟ್ಟುವುದಿಲ್ಲ. ನಮ್ಮ ರೂಪಾಯಿ ಕೊಡಬಹುದಾದದ್ದು ನೇಪಾಳ ಮತ್ತು ಭೂತಾನದಲ್ಲಿ. ಭೂತಾನದ ಹಣ ರೂಪಾಯಿಗೆ ಸರಿಸಮ, ನೇಪಾಳದಲ್ಲಿ ನಮ್ಮ 100ಕ್ಕೆ ಅವರ 160. ಎರಡೂ ಕಡೆ 100 ರೂಪಾಯಿ ನೋಟುಗಳನ್ನೇ ಒಯ್ಯಿರಿ.

ಸೊನ್ನೆಗಳ ಬಗ್ಗೆ ಎಚ್ಚರ ಇರಲಿ. ವಿಯೆಟ್ನಾಮಿನ 20,000 ಡಾಂಗ್ ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಛಾಯೆಯವು. ರಾತ್ರಿ ಕಾರಿನ ಮಂದ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಹೋದರೆ 25 ಪಟ್ಟು ಹೋಯಿತು. ಇಂಥ ದೇಶಗಳಲ್ಲಿ ದೊಡ್ಡ ನೋಟು ಪರ್ಸಿನಲ್ಲಿ, ಟಿಪ್ಸ್ ನೋಟು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಿ.

ಹಂತ 3: ಟ್ಯಾಕ್ಸಿಗೆ ಎಷ್ಟು?

ಅಮೆರಿಕದಲ್ಲಿ ಬಾಡಿಗೆಯ ಶೇ 15ರಿಂದ 20. ನ್ಯೂಯಾರ್ಕಿನಲ್ಲಿ ಹೆಚ್ಚಿನ ಡ್ರೈವರ್‌ಗಳು ಟ್ಯಾಕ್ಸಿಯನ್ನು ಪಾಳಿ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ಓಡಿಸುತ್ತಾರೆ. ಆ ಬಾಡಿಗೆ, ಪೆಟ್ರೋಲು ಎಲ್ಲ ಕಳೆದು ಉಳಿದದ್ದು ಅವರ ಸಂಪಾದನೆ; ಟಿಪ್ಸ್ ಅದರಲ್ಲಿ ಎಣಿಕೆಗೆ ಬರುವ ಭಾಗ. ಆದ್ದರಿಂದ ಅಲ್ಲಿ ಇದು ಔದಾರ್ಯದ ಮಾತಲ್ಲ, ಕೊಡಲೇಬೇಕಾದದ್ದು. ಜೆಎಫ್‌ಕೆ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಯ ನಿಗದಿತ ದರ 70 ಡಾಲರ್, ಟೋಲ್ ಮತ್ತು ಸರ್‌ಚಾರ್ಜ್ ಬೇರೆ. ಅದಕ್ಕೆ 11ರಿಂದ 14 ಡಾಲರ್ ಸೇರಿಸಿ. ಬೇರೆ ಬಾಡಿಗೆಗಳಿಗೆ ಲೆಕ್ಕ ಸುಲಭ: ಮೊತ್ತದ ಹತ್ತನೇ ಒಂದು ಭಾಗ ತೆಗೆದು ಎರಡರಿಂದ ಗುಣಿಸಿ. 34 ಡಾಲರ್ ಆದರೆ 3.40ರ ಎರಡರಷ್ಟು 6.80, ಅಂದರೆ 7 ಡಾಲರ್. ಕಾರ್ಡ್ ಉಜ್ಜಿದಾಗ ಹಿಂದಿನ ಸೀಟಿನ ಪರದೆಯಲ್ಲಿ ಸಾಮಾನ್ಯವಾಗಿ ಶೇ 20, 25, 30 ಎಂಬ ಮೂರು ಗುಂಡಿಗಳು ಬರುತ್ತವೆ. ಅವುಗಳಲ್ಲೊಂದನ್ನು ಒತ್ತಲೇಬೇಕೆಂದೇನಿಲ್ಲ, ಬೇರೆ ಮೊತ್ತ ನಮೂದಿಸುವ ಆಯ್ಕೆ ಕೆಳಗಿರುತ್ತದೆ. ಈ ಮೊತ್ತವನ್ನು ರೂಪಾಯಿಗೆ ಗುಣಿಸಿ ಬೆಚ್ಚಿಬೀಳುವುದು ಸಹಜ, ಆದರೆ ಅಲ್ಲಿನ ಖರ್ಚು ಅಲ್ಲಿನ ಹಣದಲ್ಲೇ ನಡೆಯುತ್ತದೆ ಎಂಬುದು ನೆನಪಿರಲಿ.

ಉಬರ್, ಲಿಫ್ಟ್ (Lyft) ಎಂಬ ಆ್ಯಪ್ ಟ್ಯಾಕ್ಸಿಗಳಾದರೆ ಇಳಿದ ಮೇಲೆ ಆ್ಯಪ್‌ನಲ್ಲೇ ಟಿಪ್ಸ್ ಕೊಡಬಹುದು, ಅದು ಪೂರ್ತಿ ಡ್ರೈವರ್‌ಗೆ ಸೇರುತ್ತದೆ. ಮಕ್ಕಳ ಮನೆಗೆಂದು ಹೋಗುವ ಅಪ್ಪ–ಅಮ್ಮಂದಿರಿಗೆ ಇಲ್ಲೊಂದು ಸೂಕ್ಷ್ಮವಿದೆ. ಗಾಡಿ ಬುಕ್ ಆಗುವುದು ಮಗನದೋ ಮಗಳದೋ ಫೋನಿನಿಂದ. ಟಿಪ್ಸ್ ಯಾರು ಕೊಡುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಇಬ್ಬರೂ ಕೊಡುತ್ತಾರೆ, ಇಲ್ಲವೇ ಇಬ್ಬರೂ ಬಿಡುತ್ತಾರೆ. ಹೋಟೆಲಿನ ಅಥವಾ ಪಾರ್ಕಿಂಗ್‌ನ ಉಚಿತ ಶಟಲ್ ಬಸ್ಸಿನಲ್ಲಿ ಡ್ರೈವರ್ ಬ್ಯಾಗ್ ಎತ್ತಿ ಇಟ್ಟರೆ ಬ್ಯಾಗಿಗೆ 1ರಿಂದ 2 ಡಾಲರ್. ಟಿಕೆಟ್ ಉಚಿತ ಎಂದ ಮಾತ್ರಕ್ಕೆ ಹೊರೆ ಎತ್ತಿದ ಕೈ ಉಚಿತವಲ್ಲ.

ಯುರೋಪಿನಲ್ಲಿ ಶೇಕಡಾವಾರು ತಲೆನೋವು ಕಡಿಮೆ. ಲಂಡನ್ನಿನ ಕಪ್ಪು ಟ್ಯಾಕ್ಸಿಗೆ ಹತ್ತಿರದ ಪೌಂಡಿಗೆ ಸರಿಹೊಂದಿಸಿ ಕೊಟ್ಟರೆ ಸಾಕು. ದೂರದ ಪ್ರಯಾಣ, ಭಾರದ ಲಗೇಜ್ ಇದ್ದರೆ ಶೇ 10ರವರೆಗೆ. ಫ್ರಾನ್ಸ್, ಇಟಲಿಯಲ್ಲಿ ಒಂದೆರಡು ಯೂರೋ. ಸ್ವಿಟ್ಜರ್ಲೆಂಡಿನಲ್ಲಿ ಸೇವೆಯ ಹಣ ದರದಲ್ಲೇ ಸೇರಿರುತ್ತದೆ. ಜರ್ಮನಿಯಲ್ಲಿ ಶೇ 5ರಿಂದ 10, ಆದರೆ ಕೊಡುವ ರೀತಿ ಗೊತ್ತಿರಬೇಕು. ಬಾಡಿಗೆ 17.40 ಯೂರೋ ಆಗಿದೆ ಎನ್ನಿ. 20ರ ನೋಟು ಚಾಚುವಾಗಲೇ ‘ನೈನ್‌ಟೀನ್’ ಎಂದುಬಿಡಿ, ಅವರು 1 ಯೂರೋ ವಾಪಸ್ ಕೊಡುತ್ತಾರೆ. ನೋಟು ಕೊಡುತ್ತ ‘ಡಾಂಕೆ’ (ಧನ್ಯವಾದ) ಎಂದರೆ ಚಿಲ್ಲರೆ ಇಟ್ಟುಕೊಳ್ಳಿ ಎಂದೇ ಅರ್ಥವಾಗುತ್ತದೆ. 50ರ ನೋಟು ಕೊಟ್ಟು ಸೌಜನ್ಯಕ್ಕೆ ಹಾಗೆಂದು ಪೇಚಿಗೆ ಸಿಕ್ಕಬೇಡಿ.

ದುಬೈನಲ್ಲಿ ಮೀಟರಿನ ಮೊತ್ತವನ್ನು ಮುಂದಿನ 5 ದಿರ್ಹಮ್‌ಗೆ ಏರಿಸಿ ಕೊಡುವುದು ರೂಢಿ. 5 ಅಲ್ಲಿನ ಅತಿ ಚಿಕ್ಕ ನೋಟೂ ಹೌದು. ಸಾಲಿಕ್ ಟೋಲ್ ಮೀಟರಿಗೆ ತಾನಾಗಿ ಸೇರುತ್ತದೆ. ಮರಳುಗಾಡಿನ ಸಫಾರಿಯಲ್ಲಿ ದಿಬ್ಬಗಳ ಮೇಲೆ ಗಾಡಿ ಓಡಿಸುವ ಡ್ರೈವರ್‌ಗೆ ಒಂದು ಕುಟುಂಬದಿಂದ 20ರಿಂದ 50 ದಿರ್ಹಮ್ ಸರಿ.

ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಚೀನಾದಲ್ಲಿ ಟ್ಯಾಕ್ಸಿಗೆ ಟಿಪ್ಸ್ ಇಲ್ಲ. ಜಪಾನಿನಲ್ಲಿ ಹಣವನ್ನು ಕೈಗೆ ಕೊಡುವ ಬದಲು ಅಲ್ಲಿಟ್ಟಿರುವ ಚಿಕ್ಕ ತಟ್ಟೆಯಲ್ಲಿಡಿ. ಹಿಂದಿನ ಎಡಬಾಗಿಲನ್ನು ಡ್ರೈವರೇ ತಮ್ಮ ಸೀಟಿನಿಂದ ತೆರೆಯುತ್ತಾರೆ, ಮುಚ್ಚುತ್ತಾರೆ. ನೀವು ಎಳೆಯಬೇಡಿ, ಅದರ ಯಂತ್ರ ಕೆಡಬಹುದು. ಅಲ್ಲಿ ಎರಡು–ಮೂರು ದಿನ ಜತೆಗಿದ್ದ ಖಾಸಗಿ ಡ್ರೈವರ್‌ಗೆ ಏನಾದರೂ ಕೊಡಲೇಬೇಕೆನಿಸಿದರೆ ಸಿಹಿತಿಂಡಿಯ ಪುಟ್ಟ ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲೂ ನಿರೀಕ್ಷೆ ಇಲ್ಲ.

ಹಂತ 4: ದಿನಗಟ್ಟಲೆ ಜತೆಗಿರುವ ಡ್ರೈವರ್

ಕನ್ನಡಿಗರು ಹೆಚ್ಚಾಗಿ ಹೋಗುವ ಬಾಲಿ, ಶ್ರೀಲಂಕಾ, ನೇಪಾಳದಲ್ಲಿ ಕಾರು ಮತ್ತು ಡ್ರೈವರ್ ಒಟ್ಟಿಗೆ ಸಿಗುತ್ತಾರೆ. ಇಲ್ಲಿ ಟಿಪ್ಸ್‌ಗಿಂತ ಮೊದಲು ಕೇಳಬೇಕಾದ ಮಾತುಗಳಿವೆ. ದಿನಕ್ಕೆ ಎಷ್ಟು ಗಂಟೆ? ಬಾಲಿಯಲ್ಲಿ ಸಾಮಾನ್ಯವಾಗಿ 10 ಗಂಟೆ, ಮೀರಿದರೆ ಗಂಟೆಗೆ ಇಷ್ಟೆಂದು ಓವರ್‌ಟೈಮ್. ಪೆಟ್ರೋಲ್, ಪಾರ್ಕಿಂಗ್ ಯಾರದು? ರಾತ್ರಿ ಡ್ರೈವರ್ ಎಲ್ಲಿ ಮಲಗುತ್ತಾರೆ? ನಮ್ಮ ಬಾಟಾ ಪದ್ಧತಿಗೆ ಹತ್ತಿರದ ಪ್ರಶ್ನೆ ಇದು. ಶ್ರೀಲಂಕಾದ ದೊಡ್ಡ ಹೋಟೆಲುಗಳಲ್ಲಿ ಡ್ರೈವರ್‌ಗಳಿಗೆಂದೇ ಕೋಣೆ ಮತ್ತು ಊಟದ ವ್ಯವಸ್ಥೆ ಇರುತ್ತದೆ. ಹೋಮ್‌ಸ್ಟೇ, ಚಿಕ್ಕ ವಿಲ್ಲಾಗಳಲ್ಲಿ ಇರುವುದಿಲ್ಲ. ಕೋಣೆ ಕಾದಿರಿಸುವಾಗಲೇ ವಿಚಾರಿಸಿ, ಇಲ್ಲವಾದರೆ ವಾಸ್ತವ್ಯದ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂದು ಏಜೆಂಟರನ್ನು ಕೇಳಿ. ಇಡೀ ದಿನ ಘಾಟಿ ರಸ್ತೆಯಲ್ಲಿ ಗಾಡಿ ಓಡಿಸಿದವರು ರಾತ್ರಿ ಕಾರಿನಲ್ಲೇ ಮುದುಡಿ ಮಲಗಿದರೆ ಮರುದಿನ ನಿಮ್ಮ ಜೀವ ಆ ನಿದ್ದೆಗಣ್ಣಿನ ಕೈಯಲ್ಲಿರುತ್ತದೆ.

ಮೊತ್ತ ಹೀಗಿರಲಿ: ಬಾಲಿಯಲ್ಲಿ ಇಡೀ ದಿನಕ್ಕೆ ಒಂದು ವಾಹನಕ್ಕೆ 50,000ದಿಂದ 1,00,000 ರುಪಿಯಾ. ಶ್ರೀಲಂಕಾದಲ್ಲಿ ದಿನಕ್ಕೆ ಅಲ್ಲಿನ 1,500ರಿಂದ 3,000 ರೂಪಾಯಿ. ಡ್ರೈವರೇ ಗೈಡ್ ಆಗಿ ಎಲ್ಲವನ್ನೂ ವಿವರಿಸುವವರಾದರೆ ಇದರಲ್ಲಿ ಹೆಚ್ಚಿನ ಮೊತ್ತ. ನೇಪಾಳದಲ್ಲಿ ದಿನಕ್ಕೆ 500ರಿಂದ 1,000 ನೇಪಾಳಿ ರೂಪಾಯಿ. ಆಫ್ರಿಕಾ ಸಫಾರಿಯಲ್ಲಿ ಡ್ರೈವರ್‌ಗೆ ಪ್ರಾಣಿಗಳ ಜಾಡು ಹಿಡಿಯುವ ವಿದ್ಯೆಯೂ ಬೇಕು, ಹಾಗಾಗಿ ಜೀಪಿಗೆ ದಿನಕ್ಕೆ 15ರಿಂದ 25 ಡಾಲರ್. ಇವೆಲ್ಲ ವಾಹನದ ಲೆಕ್ಕ, ತಲೆ ಲೆಕ್ಕವಲ್ಲ. ನಾಲ್ಕು ಜನ ಒಂದು ಕಾರಿನಲ್ಲಿದ್ದರೆ ನಾಲ್ಕು ಪಟ್ಟು ಕೊಡಬೇಕಿಲ್ಲ. ಮಧ್ಯಾಹ್ನ ಊಟಕ್ಕೆ ನಿಂತಾಗ ಅವರದ್ದೂ ಆಗಿದೆಯೇ ಎಂದು ಕೇಳುವುದು ನಮ್ಮ ಪದ್ಧತಿ, ಅದನ್ನು ಅಲ್ಲೂ ಬಿಡಬೇಡಿ.

ಡ್ರೈವರ್ ಪದೇಪದೇ ಅಂಗಡಿಗೆ ಕರೆದೊಯ್ಯುತ್ತಾರೆ ಎಂಬ ದೂರು ಇಲ್ಲೇ ಹುಟ್ಟುವುದು. ಶ್ರೀಲಂಕಾದಲ್ಲಿ ರತ್ನದ ಅಂಗಡಿ, ಮಸಾಲೆ ತೋಟ. ಬಾಲಿಯಲ್ಲಿ ಬಾಟಿಕ್, ಲುವಾಕ್ ಕಾಫಿ ತೋಟ. ನೀವು ಕೊಂಡ ವಸ್ತುವಿನ ಮೇಲೆ ಅವರಿಗೆ ಕಮಿಷನ್ ಇರುತ್ತದೆ, ದಿನದ ಬಾಡಿಗೆ ಅಗ್ಗವಾಗಿರುವುದಕ್ಕೆ ಅದೂ ಒಂದು ಕಾರಣ. ಬೇಡವಾದರೆ ಮೊದಲ ದಿನ ಬೆಳಿಗ್ಗೆಯೇ ನಗುಮುಖದಿಂದ ಹೇಳಿ: ಶಾಪಿಂಗ್ ಬೇಡ, ಆ ಸಮಯ ನೋಡುವುದಕ್ಕೆ ಬೇಕು. ಹೇಳದೆ ಸುಮ್ಮನಿದ್ದು ಕೊನೆಯ ದಿನ ಟಿಪ್ಸ್ ಕಡಿತ ಮಾಡುವುದು ನ್ಯಾಯವಲ್ಲ.

ಹಂತ 5: ಗುಂಪು ಪ್ರವಾಸದ ಬಸ್

ಮುಂಗಡವಾಗಿ ವಸೂಲಾಗದಿದ್ದರೆ ಯುರೋಪಿನ ಬಸ್ ಡ್ರೈವರ್‌ಗೆ ತಲೆಗೆ ದಿನಕ್ಕೆ 1ರಿಂದ 2 ಯೂರೋ, ಅಮೆರಿಕದ ದಿನದ ಪ್ರವಾಸಗಳಲ್ಲಿ ತಲೆಗೆ 5ರಿಂದ 10 ಡಾಲರ್. ಗುಂಪಿನಲ್ಲಿ ಒಬ್ಬರು ಸಂಗ್ರಹಿಸಿ ಲಕೋಟೆಯಲ್ಲಿ ಹಾಕಿ ಕೊಟ್ಟರೆ ಗೌರವವಾಗಿರುತ್ತದೆ. ಆದರೆ ಕೊನೆಯ ದಿನದವರೆಗೆ ಕಾಯಬೇಡಿ. ಯುರೋಪಿನ ಕಾನೂನಿನಂತೆ ಡ್ರೈವರ್‌ಗೆ ವಾರದ ವಿಶ್ರಾಂತಿ ಕಡ್ಡಾಯ, ಹಾಗಾಗಿ ದೀರ್ಘ ಪ್ರವಾಸದ ನಡುವೆ ಡ್ರೈವರ್ ಬದಲಾಗುವುದುಂಟು. ಐದಾರು ದಿನ ಓಡಿಸಿದವರಿಗೆ ಏನೂ ಇಲ್ಲದೆ, ಕೊನೆಯ ಎರಡು ದಿನ ಬಂದವರಿಗೆ ಪೂರ್ತಿ ಲಕೋಟೆ ಸಿಗುವುದು ಹೀಗೆಯೇ. ‘ಈ ಡ್ರೈವರ್ ಎಲ್ಲಿಯವರೆಗೆ?’ ಎಂದು ಟೂರ್ ಮ್ಯಾನೇಜರ್‌ರನ್ನು ಮೊದಲ ದಿನವೇ ಕೇಳಿ.

ಅದೇ ಕಾನೂನಿನ ಇನ್ನೊಂದು ಮುಖ ಪ್ರವಾಸಿಗರಿಗೆ ಗೊತ್ತಿರಲೇಬೇಕು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ಬಿಡುವು, ದಿನಕ್ಕೆ 9 ಗಂಟೆ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ಬಸ್ಸಿನಲ್ಲಿರುವ ಟ್ಯಾಕೊಗ್ರಾಫ್ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ, ಮೀರಿದರೆ ದಂಡ. ಎರಡಕ್ಕೆ ಹೊರಡಬೇಕಾದ ಬಸ್ಸಿಗೆ ಎರಡೂವರೆಗೆ ಬಂದು ‘ಟಿಪ್ಸ್ ಜಾಸ್ತಿ ಕೊಡೋಣ, ಇನ್ನೊಂದು ಜಾಗ ತೋರಿಸಲಿ’ ಎಂದರೆ ಅದು ಸಾಧ್ಯವೇ ಇಲ್ಲ. ಬಸ್ ಡ್ರೈವರ್‌ಗೆ ನೀವು ತೋರುವ ಮೊದಲ ಮರ್ಯಾದೆ ಸಮಯಕ್ಕೆ ಬರುವುದು. ಎರಡನೆಯದು ಚುರುಮುರಿ, ಚಕ್ಕುಲಿ ಪುಡಿಯನ್ನು ಸೀಟಿನ ಸಂದಿಗೆ ಚೆಲ್ಲದಿರುವುದು, ಏಕೆಂದರೆ ಸಂಜೆ ನೀವು ಇಳಿದ ಮೇಲೆ ಗುಡಿಸುವವರು ಹಲವು ಸಲ ಅದೇ ಡ್ರೈವರ್.

ಹಂತ 6: ಕೊಡುವ ರೀತಿ, ಕೊಡದಿರುವ ಸಂದರ್ಭ

ಲಗೇಜ್ ಪೂರ್ತಿ ಇಳಿದು, ಸೀಟಿನ ಮೇಲೆ ಫೋನು, ಪಾಸ್‌ಪೋರ್ಟ್ ಉಳಿದಿಲ್ಲ ಎಂದು ಖಚಿತವಾದ ಮೇಲೆ, ನೋಟನ್ನು ಮಡಚಿ ಬಲಗೈಯಿಂದ ಡ್ರೈವರ್ ಕೈಗೇ ಕೊಡಿ. ಗೈಡ್ ಮೂಲಕ ಕಳಿಸಬೇಡಿ, ಇಬ್ಬರಿಗೂ ಬೇರೆಬೇರೆಯಾಗಿಯೇ ಕೊಡಿ. ಎಲ್ಲರೆದುರು ಎಣಿಸುವುದು, ‘ಸಾಕಾ?’ ಎಂದು ಕೇಳುವುದು ಬೇಡ. ಬೇಡವೆಂದು ಒಮ್ಮೆ ಕೈ ಹಿಂದೆಗೆದರೆ ಬಲವಂತ ಮಾಡದೆ ಧನ್ಯವಾದ ಹೇಳಿ.

ರಸ್ತೆ ಜಾಮ್, ಮಳೆ, ಮುಚ್ಚಿದ ದೇವಾಲಯ ಇವಕ್ಕೆಲ್ಲ ಡ್ರೈವರ್ ಹೊಣೆಯಲ್ಲ, ಆ ಸಿಟ್ಟನ್ನು ಟಿಪ್ಸ್ ಮೇಲೆ ತೀರಿಸಿಕೊಳ್ಳಬೇಡಿ. ಬೇಕೆಂದೇ ಸುತ್ತು ಹಾಕಿದರೆ, ಮೀಟರ್ ಹಾಕಲು ಒಪ್ಪದಿದ್ದರೆ, ಫೋನ್ ನೋಡುತ್ತ ಓಡಿಸಿದರೆ ಕೊಡಬೇಕಾದ್ದಿಲ್ಲ. ಓಡಿಸುವಾಗ ಫೋನ್ ಬಳಸುತ್ತಿದ್ದರೆ ಇಳಿಯುವವರೆಗೆ ಸಹಿಸಿಕೊಂಡು ಆಮೇಲೆ ಹಣ ಕಡಿಮೆ ಮಾಡುವುದಕ್ಕಿಂತ ಆಗಲೇ ಹೇಳಿ, ಕೇಳದಿದ್ದರೆ ಗಾಡಿಯ ಸಂಖ್ಯೆ ಬರೆದುಕೊಂಡು ಕಂಪನಿಗೆ ಅಥವಾ ಆ್ಯಪ್‌ನಲ್ಲಿ ದೂರು ಕೊಡಿ. ಬಾಡಿಗೆ ಮಾತ್ರ ಪೂರ್ತಿ ಕೊಟ್ಟು ರಸೀದಿ ಪಡೆಯಿರಿ. ಮರೆತ ಬ್ಯಾಗ್ ಹುಡುಕಬೇಕಾಗಿ ಬಂದರೂ ಆ ರಸೀದಿಯಲ್ಲಿರುವ ಗಾಡಿ ಸಂಖ್ಯೆಯೇ ಆಧಾರ.