ಅಮಾವಾಸ್ಯೆಗೊಂದು, ಹುಣ್ಣಿಮೆಗೊಂದು ಬರೆದರೆ ಸಾಕು

ಬ್ಲಾಗ್ ಶುರು ಮಾಡುವುದು ಬಹಳ ಸುಲಭ. ಜಿಮೇಲ್ ಖಾತೆ ಇದ್ದರೆ ಗೂಗಲ್‌ನ ಬ್ಲಾಗರ್ ತಾಣದಲ್ಲಿ ದುಡ್ಡೂ ಕೊಡಬೇಕಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಮೊದಲ ವಾರ ನಾಲ್ಕು ಬರಹ, ಮುಂದಿನ ವಾರ ಎರಡು, ತಿಂಗಳ ಕೊನೆಗೆ ‘ಕೆಲಸದ ಒತ್ತಡದಲ್ಲಿ ಬರೆಯಲು ಆಗಲಿಲ್ಲ, ಕ್ಷಮಿಸಿ’ ಅಂತ ಒಂದು. ಅದಾದ ಮೇಲೆ ಸದ್ದೇ ಇಲ್ಲ. ಹೀಗೆ ಕ್ಷಮೆ ಕೇಳಿ ನಿಂತುಹೋದ ಕನ್ನಡ ಬ್ಲಾಗ್‌ಗಳು ಎಷ್ಟೋ ಇವೆ. ಬರೆದವರಿಗೆ ಬರೆಯುವುದಕ್ಕೆ ಬರುತ್ತಿತ್ತು, ವಿಷಯವೂ ಇತ್ತು. ಎಷ್ಟು ದಿನಕ್ಕೊಮ್ಮೆ ಅನ್ನುವ ಲೆಕ್ಕ ಮಾತ್ರ ಹಾಕಿರಲಿಲ್ಲ.

ಆ ಲೆಕ್ಕ ಹಾಕುವ ಬಗೆ ನೋಡೋಣ. ಉದಾಹರಣೆಗೆ ಶಿರಸಿ, ಸಾಗರದ ಕಡೆಯ ಅಡುಗೆಯ ಬ್ಲಾಗ್ ಒಂದನ್ನು ಇಟ್ಟುಕೊಳ್ಳೋಣ. ಅಪ್ಪೆಹುಳಿ, ತಂಬುಳಿ, ಹಲಸಿನಹಣ್ಣಿನ ಕಡುಬು ಇಂಥವು. ನಿಮ್ಮದು ಪ್ರವಾಸದ್ದೋ, ಹಕ್ಕಿಗಳದ್ದೋ, ಓದಿದ ಪುಸ್ತಕದ್ದೋ ಇರಬಹುದು. ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

1. ಇಪ್ಪತ್ತು ತಲೆಬರಹ

ಬ್ಲಾಗಿಗೆ ಹೆಸರು ಹುಡುಕುವ ಮೊದಲು ಒಂದು ಹಾಳೆಯಲ್ಲಿ ಇಪ್ಪತ್ತು ತಲೆಬರಹ ಬರೆಯಿರಿ. ‘ಅಡುಗೆ’ ಅಂತ ಬರೆದರೆ ಆಗಲಿಲ್ಲ. ‘ಒಂದೆಲಗದ ತಂಬುಳಿ, ಮಜ್ಜಿಗೆ ಯಾವಾಗ ಹಾಕಬೇಕು’ ಅನ್ನುವಷ್ಟು ಬಿಡಿಯಾಗಿರಲಿ. ಇಪ್ಪತ್ತು ಆಯಿತಾ? ದಿನಕ್ಕೊಂದು ಹಾಕಿದರೆ ಅವು ಮೂರು ವಾರಕ್ಕೆ ಖಾಲಿ. ವಾರಕ್ಕೊಂದಾದರೆ ಸುಮಾರು ಐದು ತಿಂಗಳು. ಹದಿನೈದು ದಿನಕ್ಕೊಂದಾದರೆ ಹತ್ತು ತಿಂಗಳು ಬರುತ್ತವೆ, ಅಷ್ಟರಲ್ಲಿ ಹೊಸವು ತಾವಾಗಿಯೇ ಹುಟ್ಟಿರುತ್ತವೆ. ಎಂಟಕ್ಕೇ ಪೆನ್ನು ನಿಂತರೆ ತಿಂಗಳಿಗೊಂದರ ಮೇಲೆ ಆಸೆ ಪಡಬೇಡಿ.

2. ಗಡಿಯಾರ ನೋಡಿ ಒಂದು ಬರಹ ಮುಗಿಸಿ

ಬರೆಯುವುದಕ್ಕೆ ಎಷ್ಟು ಹೊತ್ತು ಅಂತ ಕೇಳಿದರೆ ಎಲ್ಲರೂ ‘ಒಂದು ಗಂಟೆ’ ಅನ್ನುತ್ತಾರೆ. ಟೈಪ್ ಮಾಡುವ ಹೊತ್ತು ಅಷ್ಟೇ ಇರಬಹುದು. ಆದರೆ ಅಡುಗೆ ಮಾಡಬೇಕು. ಬೆಳಕಿರುವಾಗಲೇ ಫೋಟೊ ತೆಗೆಯಬೇಕು, ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದ ಸಾರು ಯಾರ ಬಾಯಲ್ಲೂ ನೀರು ತರಿಸುವುದಿಲ್ಲ. ‘ಸ್ವಲ್ಪ’ ಅಂದಿದ್ದು ಎಷ್ಟು ಚಮಚ ಅಂತ ಅಳೆದು ನೋಡಬೇಕು. ಫೋನಿಗೆ ಮಾತಾಡಿ ಟೈಪ್ ಮಾಡಿಸಿದರೆ ಬೇಗ ಆಗುತ್ತದೆ ನಿಜ, ಆದರೆ ‘ಹುಳಿ’ ಹೋಗಿ ‘ಹುಲಿ’ ಬಂದು ಕೂತಿರುತ್ತದೆ, ಅದನ್ನು ಹುಡುಕಿ ತಿದ್ದಬೇಕು. ಕೊನೆಗೆ ಒಮ್ಮೆ ಜೋರಾಗಿ ಓದಿ ನೋಡಬೇಕು. ಎಲ್ಲ ಸೇರಿಸಿದರೆ ನಾಲ್ಕೈದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಶುರುವಿನಿಂದ ಪ್ರಕಟವಾಗುವ ತನಕದ ಹೊತ್ತನ್ನೇ ಬರೆದಿಟ್ಟುಕೊಳ್ಳಿ.

3. ಕೆಟ್ಟ ವಾರ ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ಹುಮ್ಮಸ್ಸಿರುವ ವಾರವನ್ನು ನೋಡಿ ‘ವಾರಕ್ಕೆ ಮೂರು’ ಅಂತ ಹೇಳಿಬಿಡುತ್ತಾರೆ. ನೀವು ನೋಡಬೇಕಾದದ್ದು ಕೆಟ್ಟ ವಾರವನ್ನು. ಮಾರ್ಚ್‌ನಲ್ಲಿ ಮಗಳ ಪರೀಕ್ಷೆ, ಮೇ ತಿಂಗಳಲ್ಲಿ ಸಾಲು ಸಾಲು ಮದುವೆ, ಜುಲೈನಲ್ಲಿ ಮಲೆನಾಡಿನ ಮಳೆಗೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ. ಅಂಥ ವಾರದಲ್ಲಿ ನಿಮಗೆ ಎರಡು ಗಂಟೆ ಸಿಕ್ಕರೆ, ಒಂದು ಬರಹಕ್ಕೆ ನಾಲ್ಕು ಗಂಟೆ ಬೇಕಿದ್ದರೆ, ಉತ್ತರ ತಾನೇ ಬಂತು: ಹದಿನೈದು ದಿನಕ್ಕೊಂದು.

ನನ್ನ ಮಟ್ಟಿಗೆ ಒಬ್ಬರೇ ನಡೆಸುವ ಬ್ಲಾಗಿಗೆ ಇದೇ ಸರಿಯಾದ ಅಳತೆ. ‘ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದು ಬರೀತಾನೆ’ ಅಂತ ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ವರ್ಷಕ್ಕೆ ಇಪ್ಪತ್ನಾಲ್ಕು, ಇಪ್ಪತ್ತೈದು ಬರಹ ಆಯಿತು, ಕಡಿಮೆಯೇನಲ್ಲ ಅಲ್ವಾ? ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು. ಪಂಚಾಂಗವೇ ಬೇಕು, ಆದರೆ ಅಮಾವಾಸ್ಯೆ ಬೇಡ ಅನ್ನುವವರಿಗೆ ಏಕಾದಶಿ ಇದೆ. ಅಡುಗೆ ಬ್ಲಾಗಿನವರಿಗೆ ಉಪವಾಸದ ದಿನ ಪುರುಸೊತ್ತೂ ಇರುತ್ತದೆ.

ವಾರಕ್ಕೊಂದು ಬೇಡವೇ ಅಂತ ಕೇಳಬಹುದು. 1965ರಿಂದ ‘ಸುಧಾ’ ವಾರವಾರ ಬರುತ್ತಿದೆ, ನಿಜ. ಆದರೆ ಅದರ ಹಿಂದೆ ಒಂದು ಕಚೇರಿಯೇ ಇದೆ. ಅದೇ ಮನೆಯ ‘ಮಯೂರ’ 1968ರಿಂದ ತಿಂಗಳಿಗೊಮ್ಮೆ ಬರುತ್ತಿದೆ, ತಡವಾಯಿತು ಅಂತ ಯಾರೂ ಗೊಣಗಿಲ್ಲ. ಉದ್ದನೆಯ ಪ್ರಬಂಧ ಬರೆಯುವವರಿಗೆ ತಿಂಗಳ ಲೆಕ್ಕವೇ ಹಿತ. ದಿನಕ್ಕೊಂದು ಒಗ್ಗುವುದು ಒಂದೇ ಬಗೆಯ ಬ್ಲಾಗಿಗೆ: ಒಂದು ಫೋಟೊ, ಕೆಳಗೆ ನಾಲ್ಕು ಸಾಲು. ಊರಿನ ಮಳೆಯ ಲೆಕ್ಕ, ತೋಟಕ್ಕೆ ಬಂದ ಹಕ್ಕಿ, ಇಂಥದ್ದು.

4. ಗೂಗಲ್‌ಗೆ ಹೆದರಬೇಡಿ

‘ದಿನಾ ಹಾಕಿದರೆ ಮಾತ್ರ ಗೂಗಲ್ ಮೇಲೆ ತೋರಿಸುತ್ತೆ’ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಬರಹಗಾರರಿಗೆಂದು ಗೂಗಲ್ ಕೊಟ್ಟಿರುವ ಮಾರ್ಗದರ್ಶಿಯಲ್ಲಿ ಇದಕ್ಕೆ ನೇರ ಉತ್ತರ ಇದೆ. ತಾಣ ಹೊಸದಾಗಿ ಕಾಣಲಿ ಅಂತ ರಾಶಿ ರಾಶಿ ಬರಹ ಸೇರಿಸುವುದರಿಂದ, ಹಳೆಯದನ್ನು ಅಳಿಸುವುದರಿಂದ ಹುಡುಕಾಟದಲ್ಲಿ ಮೇಲೆ ಬರುವುದಿಲ್ಲ. ಒಳಗೆ ಏನೂ ಬದಲಿಸದೆ ತಾರೀಖು ಮಾತ್ರ ಬದಲಿಸುವುದನ್ನೂ ಅದು ಎಚ್ಚರಿಕೆಯ ಪಟ್ಟಿಗೇ ಸೇರಿಸಿದೆ. ಕ್ರಿಕೆಟ್ ಸ್ಕೋರು, ಚುನಾವಣೆ ಇಂಥ ಹುಡುಕಾಟಕ್ಕೆ ತಾಜಾ ಬೇಕು. ತಂಬುಳಿಗೆ ಏನು ತಾಜಾ? ಐದು ವರ್ಷ ಹಿಂದಿನ ಬರಹವೂ ಚೆನ್ನಾಗಿಯೇ ನಡೆಯುತ್ತದೆ.

ಹಾಗಾಗಿ ಒಂದು ಸರದಿಯಲ್ಲಿ ಹೊಸದನ್ನು ಬರೆಯದೆ ಹಳೆಯದನ್ನೇ ನಿಜವಾಗಿ ರಿಪೇರಿ ಮಾಡಬಹುದು. ಅಳತೆ ಬಿಟ್ಟುಹೋಗಿದ್ದರೆ ಸೇರಿಸಿ. ‘ಕುಚ್ಚಲಕ್ಕಿ ಬದಲು ಬೆಳ್ತಿಗೆ ಹಾಕಬಹುದಾ’ ಅಂತ ಯಾರೋ ಕೇಳಿದ್ದರೆ ಉತ್ತರವನ್ನು ಬರಹದೊಳಗೇ ಬರೆಯಿರಿ. ಅದೂ ಒಂದು ಬರಹದ ಲೆಕ್ಕಕ್ಕೇ ಸೇರಲಿ.

5. ಕಾಲಕ್ಕಿಂತ ಒಂದು ಹೆಜ್ಜೆ ಮುಂದೆ

ಎಷ್ಟು ಸಲ ಹಾಕಿದಿರಿ ಅನ್ನುವುದಕ್ಕಿಂತ ಯಾವಾಗ ಹಾಕಿದಿರಿ ಅನ್ನುವುದು ಎಷ್ಟೋ ಪಾಲು ಮುಖ್ಯ. ಹೊಸಬರು ಇದನ್ನು ಗಮನಿಸುವುದೇ ಇಲ್ಲ. ಸಂಕ್ರಾಂತಿಯ ದಿನ ಬೆಳಗ್ಗೆ ಎಳ್ಳು-ಬೆಲ್ಲದ ಬರಹ ಹಾಕುತ್ತಾರೆ. ಅಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ಎಳ್ಳು-ಬೆಲ್ಲ ತಯಾರಾಗಿ ಕೂತಿರುತ್ತದೆ. ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗೆ ಇಡುವುದಕ್ಕೆ ಕೆಲವು ದಿನ ಮೊದಲೇ ಕೂರಬೇಕು. ಅಂದರೆ ನಿಮ್ಮ ಬರಹ ಡಿಸೆಂಬರ್ ಕೊನೆಗೇ ಬಂದಿರಬೇಕು.

ಅಪ್ಪೆಮಿಡಿಯೂ ಹಾಗೆಯೇ. ಭೌಗೋಳಿಕ ಗುರುತು (ಜಿಐ) ಸಿಕ್ಕಿರುವ ಈ ಮಾವಿನ ಮಿಡಿ ಮಾರುಕಟ್ಟೆಯಲ್ಲಿ ಇರುವುದು ಬೇಸಿಗೆಯ ಶುರುವಿನ ಕೆಲವೇ ವಾರ. ಉಪ್ಪಿನಕಾಯಿ ಹಾಕುವವರು ಉಪ್ಪು, ಭರಣಿ, ಸಾಸಿವೆ, ಮೆಣಸು ಎಲ್ಲ ಮೊದಲೇ ಸಿದ್ಧ ಮಾಡಿಕೊಳ್ಳಬೇಕು. ಜನವರಿ ಕೊನೆಗೆ ಬಂದ ಬರಹ ಅವರಿಗೆ ಉಪಯೋಗ. ಏಪ್ರಿಲ್‌ನಲ್ಲಿ ಬಂದದ್ದನ್ನು ಓದಿ ‘ಛೆ, ಈ ವರ್ಷ ತಪ್ಪಿತು’ ಅಂದುಕೊಂಡು ಮರೆಯುತ್ತಾರೆ. ಕಳಲೆ, ಪತ್ರೊಡೆಯ ಕೆಸುವಿನ ಎಲೆ ಮಳೆಗಾಲದವು. ಕಳಲೆಯನ್ನಂತೂ ನೀರು ಬದಲಿಸುತ್ತಾ ನೆನೆಸಿಡದೆ ತಿನ್ನುವ ಹಾಗಿಲ್ಲ. ಆ ವಿಷಯ ಜೂನ್‌ನಲ್ಲೇ ಹೇಳಿ.

ಒಂದು ಹಾಳೆಯಲ್ಲಿ ಹನ್ನೆರಡು ಮನೆ ಗೀಟು ಹಾಕಿ ತಿಂಗಳ ಹೆಸರು ಬರೆಯಿರಿ. ಇಪ್ಪತ್ತು ತಲೆಬರಹಗಳಲ್ಲಿ ಕಾಲಕ್ಕೆ ಕಟ್ಟುಬಿದ್ದವನ್ನು ಮೊದಲು ಆಯಾ ಮನೆಯಲ್ಲಿ ಕೂರಿಸಿ, ಹಬ್ಬಕ್ಕೆ ಎರಡು ಮೂರು ವಾರ ಹಿಂದಕ್ಕೆ. ತಂಬುಳಿ, ಚಟ್ನಿಯಂಥವು ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತವೆ, ಅವುಗಳಿಂದ ಖಾಲಿ ಜಾಗ ತುಂಬಿ. ಹಕ್ಕಿಯ ಬ್ಲಾಗಿನವರಿಗೆ ವಲಸೆ ಹಕ್ಕಿ ಬರುವ ಚಳಿಗಾಲ, ಪ್ರವಾಸದವರಿಗೆ ದಸರಾ ರಜೆ, ಪುಸ್ತಕದವರಿಗೆ ರಾಜ್ಯೋತ್ಸವದ ನವೆಂಬರ್. ಪ್ರತಿ ವಿಷಯಕ್ಕೂ ಅದರದ್ದೇ ಒಂದು ಸುಗ್ಗಿ ಇದ್ದೇ ಇರುತ್ತದೆ.

6. ಮೂರು ಡ್ರಾಫ್ಟ್ ಕೂಡಿಟ್ಟು ಶುರು ಮಾಡಿ

ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಹಪ್ಪಳ ಒಣಗಿಸಿಟ್ಟ ಹಾಗೆ, ಮೊದಲ ಬರಹ ಪ್ರಕಟಿಸುವಾಗಲೇ ಮುಗಿದ ಮೂರು ಬರಹ ಡ್ರಾಫ್ಟ್‌ನಲ್ಲಿ ಇರಲಿ. ಹದಿನೈದು ದಿನಕ್ಕೊಂದರಂತೆ ಅದು ಒಂದೂವರೆ ತಿಂಗಳ ನಿಶ್ಚಿಂತೆ. ಹುಮ್ಮಸ್ಸು ಬಂದ ದಿನ ಮೂರು ಬರೆಯಿರಿ, ಆದರೆ ಮೂರನ್ನೂ ಒಟ್ಟಿಗೆ ಹಾಕಬೇಡಿ. ಓದುವವರು ಒಂದನ್ನು ಓದಿ ಎರಡನ್ನು ಬಿಡುತ್ತಾರೆ.

ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಮುಂದಿನ ತಾರೀಖು, ಸಮಯ ಕೊಟ್ಟು ಶೆಡ್ಯೂಲ್ ಮಾಡಿಡಬಹುದು. ಆ ಹೊತ್ತಿಗೆ ತಾನೇ ಪ್ರಕಟವಾಗುತ್ತದೆ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಝೋನ್ ಭಾರತದ್ದು ಇದೆಯಾ ನೋಡಿ. ಅದು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಇದ್ದರೆ ಬೆಳಗ್ಗೆ 6ಕ್ಕೆ ಅಂತ ಇಟ್ಟದ್ದು ನಮ್ಮ 11.30ಕ್ಕೆ ಬರುತ್ತದೆ. ಅಮೆರಿಕದ ಕನ್ನಡಿಗರು ಜಾಸ್ತಿ ಓದುವ ಬ್ಲಾಗ್ ಆದರೆ ಸಂಜೆ 6 ಒಳ್ಳೆಯ ಹೊತ್ತು. ಬೇಸಿಗೆಯಲ್ಲಿ ಆಗ ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 8.30.

7. ಬಂದಿದೆ ಅಂತ ಹೇಳುವುದು

ಹಿಂದೆ ಬೇರೆ ಬೇರೆ ಬ್ಲಾಗ್‌ಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಗೂಗಲ್ ರೀಡರ್ ಇತ್ತು, ಹೊಸ ಬರಹ ಓದುಗರನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. 2013ರ ಜುಲೈನಲ್ಲಿ ಅದು ಮುಚ್ಚಿತು. ಬ್ಲಾಗರ್‌ನಿಂದ ಮೇಲ್ ಹೋಗುತ್ತಿದ್ದ ಏರ್ಪಾಟೂ 2021ರಲ್ಲಿ ನಿಂತಿತು. ಈಗ ನಮ್ಮಲ್ಲಿ ಹೆಚ್ಚಿನ ಓದು ಬರುವುದು ವಾಟ್ಸ್‌ಆ್ಯಪ್‌ನಿಂದ. ಕುಟುಂಬದ ಗ್ರೂಪಿಗೆ ಹಾಕಿದರೆ ‘ಶುಭೋದಯ’ದ ಹೂಗಳ ನಡುವೆ ಕಳೆದುಹೋಗುತ್ತದೆ. ಬೇಕು ಅಂದವರನ್ನು ಮಾತ್ರ ಸೇರಿಸಿ, ಒಂದೇ ಸಂದೇಶ ಎಲ್ಲರಿಗೂ ಬಿಡಿಬಿಡಿಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದು ಪಟ್ಟಿಗೆ 256 ಜನರ ಮಿತಿ ಇದೆ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ತಿಂಗಳಿಗೆ ಎರಡು ಸಲ ಬಂದರೆ ತೆರೆದು ನೋಡುತ್ತಾರೆ. ದಿನಾ ಬಂದರೆ ಮ್ಯೂಟ್ ಮಾಡುತ್ತಾರೆ, ಪಾಪ, ಮುಖ ನೋಡಿ ಬೇಡ ಅನ್ನಲಾರದೆ.

8. ತಪ್ಪಿದರೆ

ಒಂದು ಸರದಿ ತಪ್ಪಿತು ಅನ್ನಿ. ಸುಮ್ನೆ ಮುಂದಿನದನ್ನು ಹಾಕಿ. ಕ್ಷಮಾಪಣೆಯ ಪೋಸ್ಟ್ ಬೇಡವೇ ಬೇಡ. ನೀವು ತಡ ಮಾಡಿದ್ದು ಹೆಚ್ಚಿನವರಿಗೆ ಗೊತ್ತೂ ಆಗಿರುವುದಿಲ್ಲ. ಬಾಕಿ ತೀರಿಸುತ್ತೇನೆ ಅಂತ ವಾರಕ್ಕೆ ಎರಡು ಹಾಕಲು ಹೋಗಬೇಡಿ, ಡ್ರಾಫ್ಟ್ ಖಾಲಿಯಾಗಿ ಇನ್ನೂ ಎರಡು ಸರದಿ ತಪ್ಪುತ್ತದೆ. ಹೆರಿಗೆ, ಮನೆ ಕಟ್ಟಿಸುವುದು ಹೀಗೆ ಮೊದಲೇ ಗೊತ್ತಿರುವ ಬಿಡುವಾದರೆ ‘ಮುಂದಿನ ಬರಹ ದಸರಾ ಆದ ಮೇಲೆ’ ಅಂತ ಒಂದು ಸಾಲು ಮೇಲೆ ಬರೆದಿಡಿ.

9. ಆರು ತಿಂಗಳಿಗೊಮ್ಮೆ ತಿದ್ದುಪಡಿ

ಬ್ಲಾಗರ್ ತೋರಿಸುವ ‘ಇಷ್ಟು ಜನ ನೋಡಿದರು’ ಅನ್ನುವ ಅಂಕಿಯನ್ನು ಪೂರ್ತಿ ನಂಬಬೇಡಿ, ಅದರಲ್ಲಿ ಯಂತ್ರಗಳ ಓಡಾಟವೂ ಸೇರಿರುತ್ತದೆ. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ. ಯಾವ ಪದ ಹುಡುಕಿ ಜನ ನಿಮ್ಮಲ್ಲಿಗೆ ಬಂದರು ಅಂತ ಅಲ್ಲಿ ಕಾಣುತ್ತದೆ, ಮುಂದಿನ ತಲೆಬರಹಗಳಿಗೂ ಅದು ದಾರಿ.

ಆದರೆ ಎಷ್ಟು ಸಲ ಬರೆಯಬೇಕು ಅನ್ನುವುದನ್ನು ತೀರ್ಮಾನಿಸಲು ಆ ಅಂಕಿ ಬೇಡ, ಡ್ರಾಫ್ಟ್‌ಗಳ ಸಂಖ್ಯೆ ನೋಡಿ. ಆರು ತಿಂಗಳ ಕೊನೆಗೆ ಐದಕ್ಕಿಂತ ಜಾಸ್ತಿ ಉಳಿದಿದ್ದರೆ ಹತ್ತು ದಿನಕ್ಕೊಂದು ಮಾಡಬಹುದು. ಒಂದೂ ಉಳಿಯದೆ ಪ್ರತಿ ಸಲ ಶನಿವಾರ ರಾತ್ರಿ ಒದ್ದಾಡಿ ಬರೆಯುತ್ತಿದ್ದರೆ ತಿಂಗಳಿಗೊಂದಕ್ಕೆ ಇಳಿಸಿ. ಬ್ಲಾಗಿನ ಮೇಲೆ ‘ತಿಂಗಳಿಗೆ ಎರಡು ಬರಹ’ ಅಂತ ಬರೆದಿದ್ದರೆ ಇಳಿಸಿದ ದಿನವೇ ಆ ಸಾಲನ್ನೂ ತಿದ್ದಿ, ಶೆಡ್ಯೂಲ್ ಆಗಿ ಕೂತಿರುವ ಬರಹಗಳ ತಾರೀಖನ್ನೂ ಮುಂದಕ್ಕೆ ಹಾಕಿ.